ಹಳೇ ಲ್ಯಾಪ್‌ಟಾಪಲ್ಲೇ 4ಕೆ 60 ಹರ್ಟ್ಸ್ ಓಡಿಸಿದೆ: ನನ್ನ ಅನುಭವ

ಬೆಂಗಳೂರಿನ ಎಸ್ಪಿ ರೋಡಲ್ಲಿ ವಿಚಾರಿಸಿದ ಅಂಗಡಿಯವರೆಲ್ಲರದೂ ಒಂದೇ ಮಾತು, ಈ 8ನೇ ಜನರೇಶನ್ ಇಂಟೆಲ್ ಐ5 ಲ್ಯಾಪ್‌ಟಾಪಿಗೆ 4ಕೆ (3840×2160 ಚುಕ್ಕೆಗಳ) ಮಾನಿಟರ್ ಹಾಕಿದ್ರೆ 30 ಹರ್ಟ್ಸೇ ಗತಿ, ಅಂದ್ರೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗತ್ತೆ, 60 ಬೇಕಂದ್ರೆ ಲ್ಯಾಪ್‌ಟಾಪ್ ಬದಲಾಯಿಸಿ ಅಂತ. ಬಾಮೈದ ಬೇರೆ ಐಟಿಯವ್ನು, ಅವ್ನೂ ಅದನ್ನೇ ಹೇಳ್ದ. ಈಗ ಅದೇ ಲ್ಯಾಪ್‌ಟಾಪಿಗೆ 32 ಇಂಚಿನ ಮಾನಿಟರ್ ಹಾಕಿ 60ರಲ್ಲಿ ಓಡಿಸ್ತಿದೀನಿ. ಬಾಮೈದ ಬಂದು ನೋಡಿ, ಕಾಫಿ ಕುಡ್ದು, ಆ ವಿಷ್ಯ ಎತ್ತದೇ ಹೋದ.

ನಂದು ಡಿಟಿಪಿ (ಕಂಪ್ಯೂಟರಲ್ಲಿ ಪುಟ ಜೋಡಿಸೋ) ಕೆಲಸ, ಎರಡು ಪುಟ ಅಕ್ಕಪಕ್ಕ ಇಟ್ಕೊಂಡು ಒತ್ತಕ್ಷರ ಜೂಮ್ ಮಾಡದೇ ಓದೋಕಾಗ್ಬೇಕು. ಖಾಲಿ ಮಾಡ್ತಿದ್ದ ಒಂದು ಆಫೀಸಿಂದ ಮಾನಿಟರ್ ಸೆಕೆಂಡ್ ಹ್ಯಾಂಡಲ್ಲಿ ಸಿಕ್ತು, ಹೆಚ್ಚುಕಮ್ಮಿ 14 ಸಾವಿರ. ಟೈಪ್-ಸಿ ಇನ್‌ಪುಟ್ ಇದೆ, ಕೇಬಲ್ ಮಾತ್ರ ಕೊಡ್ಲಿಲ್ಲ.

ಮೊದ್ಲು ಎಚ್‌ಡಿಎಂಐ ಹಾಕ್ದೆ. 30 ಹರ್ಟ್ಸಲ್ಲಿ ಮೌಸ್ ಬಾಣ ಕೈ ಹಿಂದೆ ತೆವಳ್ಕೊಂಡು ಬರತ್ತೆ, ಅರ್ಧ ದಿನಕ್ಕೇ ತಲೆನೋವು. ಎಚ್‌ಡಿಎಂಐ 2.0 ಕೇಬಲ್ ಅಂತ 700 ರೂಪಾಯಿ ಸುರಿದಿದ್ದೂ ವೇಸ್ಟು, ಲ್ಯಾಪ್‌ಟಾಪ್ ಪೋರ್ಟೇ ಹಳೇ 1.4 ಇದ್ರೆ ಕೇಬಲ್ ಏನ್ ಮಾಡತ್ತೆ, 4ಕೆಗೆ ಅದು 30 ದಾಟಲ್ಲ. ಆಮೇಲೆ ಟೈಪ್-ಸಿಗೆ ಚುಚ್ಚಿ ಎಚ್‌ಡಿಎಂಐ ಕೊಡೋ 2,200ರ ಹಬ್ಬು, ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 4ಕೆ ಅಂತಿದೆ, 30 ಹರ್ಟ್ಸ್ ಅನ್ನೋದು ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಕ್ಕೆ. ಫೋನಿನ ಸಿ-ಟು-ಸಿ ಕೇಬಲ್ ಚುಚ್ಚಿದ್ರೆ ಚಾರ್ಜ್ ಆಗತ್ತೆ, ಚಿತ್ರ ಬರಲ್ಲ, ಅದರಲ್ಲಿ ಹೈಸ್ಪೀಡ್ ತಂತೀನೇ ಇರಲ್ಲ. ಒಬ್ರು 9 ಸಾವಿರದ ಡಾಕ್ (ಹಬ್‌ನ ದೊಡ್ಡಣ್ಣ) ತೋರಿಸಿದ್ರು, ಕೈಮುಗಿದು ಬಂದೆ.

ಕೊನೆಗೆ ಸುಮಾರು 1,300 ಕೊಟ್ಟು ವಿಡಿಯೋ ಹೋಗೋ ಸಿ-ಟು-ಸಿ ಕೇಬಲ್ ತಂದೆ, ಒಂದು ಮೀಟರಿಂದು. ಚಿತ್ರ ಬಂತು, ಆದ್ರೆ ಮತ್ತೆ 30! ಲ್ಯಾಪ್‌ಟಾಪ್ ಮಾರೋಣ ಅನ್ಸಿಬಿಡ್ತು. ಆಮೇಲೆ ಮಾನಿಟರ್ ಮೆನು ಒಂದೊಂದಾಗಿ ಕೆದಕ್ತಾ ಹೋದ್ರೆ ಯುಎಸ್‌ಬಿ ಸೆಟ್ಟಿಂಗ್ ಅಂತ ಒಂದು ಮೂಲೇಲಿ ಕೂತಿತ್ತು, 3.0 ಅಂತ. ಟೈಪ್-ಸಿಲಿ ಇರೋದು ನಾಲ್ಕು ಲೇನು (ಡೇಟಾ ಹೋಗೋ ಹೈಸ್ಪೀಡ್ ದಾರಿಗಳು), ಯುಎಸ್‌ಬಿ 3.0 ಎರಡನ್ನ ಕಿತ್ಕೊಂಡ್ರೆ ಚಿತ್ರಕ್ಕೆ ಉಳಿಯೋದು ಎರಡೇ, ಟೈಪ್-ಸಿಲಿ ಚಿತ್ರ ಕಳಿಸೋ ನಮ್ಮ ಹಳೇ ಡಿಸ್‌ಪ್ಲೇಪೋರ್ಟ್ 1.2ಗೆ ಅದರಲ್ಲಿ 60 ಹಿಡ್ಸಲ್ಲ. ಆ ಸೆಟ್ಟಿಂಗನ್ನ ಯುಎಸ್‌ಬಿ 2.0 ಮಾಡ್ದೆ. ಸ್ಕ್ರೀನ್ ಒಂದ್ಸಲ ಕಪ್ಪಾಗಿ ವಾಪಸ್ ಬಂತು, ಸೆಟ್ಟಿಂಗಲ್ಲಿ 60 ಕಾಣಿಸ್ತು. 2.0ಗೆ ಬೇರೇನೇ ತಂತಿ ಇರೋದ್ರಿಂದ ಕೀಬೋರ್ಡು ಮೌಸು ಮಾನಿಟರ್ ಹಿಂದೇನೇ ಚುಚ್ಚಿವೆ, ಚಾರ್ಜೂ ಅದೇ ಕೇಬಲಲ್ಲಿ. ಎಸ್‌ಎಸ್‌ಡಿ ಮಾತ್ರ ಅಲ್ಲಿ ಹಾಕಿದ್ರೆ ಸೆಕೆಂಡಿಗೆ 40 ಎಂಬಿ ಮೇಲೆ ಹೋಗಲ್ಲ, ಅದನ್ನ ಲ್ಯಾಪ್‌ಟಾಪಿಗೇ ನೇರ ಹಾಕ್ತೀನಿ.

ಯುಎಸ್‌ಬಿ 3.0 ಇಟ್ಕೊಂಡೇ ಎಷ್ಟು ಹರ್ಟ್ಸ್ ಎಳೀಬಹುದು ಅಂತಾನೂ ಒಂದು ಭಾನುವಾರ ಹಾಳು ಮಾಡ್ದೆ, ಕಸ್ಟಮ್ ರೆಸಲ್ಯೂಶನಲ್ಲಿ ಬ್ಲಾಂಕಿಂಗ್ (ಚಿತ್ರದ ಸಾಲುಗಳ ನಡುವೆ ಖಾಲಿ ಹೋಗೋ ಹೊತ್ತು) ಕಮ್ಮಿ ಮಾಡಿ 40 ಹರ್ಟ್ಸ್‌ವರೆಗೂ ಎಳೆದೆ. 30ಕ್ಕೂ 40ಕ್ಕೂ ಕಣ್ಣಿಗೆ ತುಂಬಾನೇ ವ್ಯತ್ಯಾಸ. ಆ ಟೈಮಿಂಗ್ ನಂಬರ್‌ಗಳು ಮಾತ್ರ ನನ್ ಹತ್ರಾನೇ ಇರ್ಲಿ, ಅಷ್ಟು ಒದ್ದಾಡಿದೀನಿ.

ಇನ್ನೊಂದು ತಮಾಷೆ. ಕುರ್ಚಿಯಿಂದ ಎದ್ದಾಗೆಲ್ಲ ಸ್ಕ್ರೀನ್ ಎರಡು ಸೆಕೆಂಡ್ ಕಪ್ಪಾಗ್ತಿತ್ತು. ಮನೇಲಿ ದೆವ್ವ ಅಂದ್ರು. ಗ್ಯಾಸ್ ಲಿಫ್ಟ್ (ಎತ್ತರ ಏರಿಳಿಸೋ) ಕುರ್ಚಿಯಿಂದ ಎದ್ದಾಗ ಸ್ಟ್ಯಾಟಿಕ್ ಕರೆಂಟ್ ಹೊಡೆಯತ್ತೆ, ಅದು ಕೇಬಲಿಗೆ ತಾಗ್ತಿತ್ತು. ಮರದ ಕುರ್ಚಿ ಹಾಕಿ ನೋಡ್ದೆ, ಏನೂ ಇಲ್ಲ. ಕೇಬಲ್ ಎರಡೂ ತುದಿಗೆ ಫೆರೈಟ್ ಕ್ಲಿಪ್ (ಇಂಥ ಅಡಚಣೆ ತಡೆಯೋ ಕಪ್ಪು ಗುಂಡು) ಹಾಕಿ ಕುರ್ಚಿ ಕಡೆಯಿಂದ ಗೋಡೆ ಕಡೆಗೆ ತಿರುಗಿಸ್ದೆ, ಈಗ ಯಾವಾಗಲೋ ಒಮ್ಮೆ ಅಷ್ಟೆ.

ಮಾನಿಟರ್ ಬಿಟ್ಟು ಒಟ್ಟು ನಾಲ್ಕು ಸಾವಿರದ ಮೇಲೆ ಹೋಗಿದೆ, ಕೆಲಸಕ್ಕೆ ಬಂದಿದ್ದು 1,300ರ ಕೇಬಲ್ಲು, ಕ್ಲಿಪ್ಪು. ಹಬ್ ಹಾಗೇ ಬಿದ್ದಿದೆ, 30 ಹರ್ಟ್ಸ್ ಸಾಕು ಅನ್ನೋರಿದ್ರೆ ಒಂದು ಸಾವಿರಕ್ಕೆ ಕೊಡ್ತೀನಿ.