ಮಕ್ಕಳ ತಲೆಸ್ನಾನ: ಮೊದಲು ಸಿಕ್ಕು, ಆಮೇಲೆ ನೀರು

ರವಿವಾರ ಬೆಳಿಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕುವುದಕ್ಕೂ ಮನೆಯ ಚಿಕ್ಕ ಮಗು ಅಟ್ಟದ ಮೇಲೆ ಹೋಗಿ ಅಡಗುವುದಕ್ಕೂ ನಮ್ಮ ಕಡೆಯ ಅನೇಕ ಮನೆಗಳಲ್ಲಿ ನೇರ ಸಂಬಂಧವಿದೆ. ಮಗು ಹೆದರುವುದು ನೀರಿಗೆ ಎಂದು ಹಿರಿಯರು ತಿಳಿದಿರುತ್ತಾರೆ. ಆದರೆ ಹೆಚ್ಚಿನ ಮಕ್ಕಳು ಹೆದರುವುದು ಕಣ್ಣಿಗೆ ಇಳಿಯುವ ನೊರೆಗೆ ಮತ್ತು ಮಿಂದ ಮೇಲೆ ಒದ್ದೆ ಕೂದಲಿನಲ್ಲಿ ಎಳೆದಾಡುವ ಹಣಿಗೆಗೆ. ಇವೆರಡರಲ್ಲಿ ಹಣಿಗೆಯ ಸಂಕಟವನ್ನು ಕೆಲಸದ ಕ್ರಮ ಬದಲಿಸಿಯೇ ಬಹುಪಾಲು ತಪ್ಪಿಸಬಹುದು: ಸಿಕ್ಕು ಬಿಡಿಸುವುದನ್ನು ಸ್ನಾನದ ನಂತರಕ್ಕೆ ಇಟ್ಟುಕೊಳ್ಳದೆ ಮೊದಲೇ ಮುಗಿಸಬೇಕು.

ಇದಕ್ಕೆ ಕಾರಣವಿದೆ. ಎಳೆಯ ಮಕ್ಕಳ ಕೂದಲು ದೊಡ್ಡವರದಕ್ಕಿಂತ ತೆಳುವಾದ್ದರಿಂದ ಬೇಗ ಹೆಣೆದುಕೊಳ್ಳುತ್ತದೆ. ನೀರು ಹೀರಿದ ಕೂದಲು ಉಬ್ಬಿ, ಒಣಗಿದ್ದಾಗಿನ ಬಿಗಿಯನ್ನು ಕಳೆದುಕೊಂಡು, ಎಳೆದರೆ ಹಿಗ್ಗಿ ತುಂಡಾಗುತ್ತದೆ. ಒಣಗಿದ್ದಾಗ ಸಡಿಲವಾಗಿದ್ದ ಗಂಟು ನೀರು ಬಿದ್ದು, ಮೇಲೆ ಶಾಂಪೂ ಹಾಕಿ ಉಜ್ಜಿದಾಗ ಇನ್ನಷ್ಟು ಬಿಗಿಯುತ್ತದೆ.

ಸ್ನಾನಕ್ಕೆ ಅರ್ಧ ಗಂಟೆ ಮೊದಲು ಮಗುವನ್ನು ಜಗಲಿಯ ಬೆಳಕಿನಲ್ಲಿ ಕೂರಿಸಿಕೊಳ್ಳಿ. ಹಸಿದ ಅಥವಾ ನಿದ್ದೆ ಬಂದ ಮಗುವಿನ ತಲೆಗೆ ಕೈ ಹಾಕದಿರುವುದೇ ಒಳ್ಳೆಯದು. ಹಿಂದಿನ ದಿನ ಮುಡಿಸಿದ ಅಬ್ಬಲಿಗೆ (ಕನಕಾಂಬರ) ದಂಡೆಯ ಬಾಳೆನಾರಿನ ಎಳೆ ಕೂದಲೊಳಗೆ ಉಳಿದಿದ್ದರೆ ಮೊದಲು ಅದನ್ನು ಬೆರಳಿನಿಂದ ಬಿಡಿಸಿ ತೆಗೆಯಿರಿ, ಏಕೆಂದರೆ ಕುತ್ತಿಗೆಯ ಹಿಂದಿನ ಎಷ್ಟೋ ಗಂಟುಗಳ ನಡುವೆ ಇಂಥದ್ದೊಂದು ನಾರು ಸುತ್ತಿಕೊಂಡಿರುತ್ತದೆ. ಅನಂತರ ಒಂದು ಚಮಚ ತೆಂಗಿನೆಣ್ಣೆಯನ್ನು ಅಂಗೈಯಲ್ಲಿ ಸವರಿಕೊಂಡು ಬುಡಕ್ಕಿಂತ ಹೆಚ್ಚಾಗಿ ತುದಿಗೆ ಹಚ್ಚಿ, ಕೂದಲನ್ನು ನಾಲ್ಕು ಪಾಲು ಮಾಡಿ, ಒಂದೊಂದನ್ನೇ ಕೈಗೆತ್ತಿಕೊಳ್ಳಬೇಕು. ಗಂಟಿಗಿಂತ ಸ್ವಲ್ಪ ಮೇಲೆ ಕೂದಲನ್ನು ಎಡಗೈಯ ಬೆರಳುಗಳ ನಡುವೆ ಗಟ್ಟಿಯಾಗಿ ಹಿಡಿದುಕೊಂಡರೆ ಹಣಿಗೆಯ ಎಳೆತವೆಲ್ಲ ಆ ಹಿಡಿತದಲ್ಲೇ ನಿಂತು ನೆತ್ತಿಯವರೆಗೆ ಹೋಗುವುದಿಲ್ಲ. ನೋವು ತಪ್ಪಿಸುವ ಉಪಾಯಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಬಾಚುವುದನ್ನು ತುದಿಯ ಎರಡಂಗುಲದಿಂದ ಪ್ರಾರಂಭಿಸಿ, ಅಲ್ಲಿ ಹಣಿಗೆ ಸಲೀಸಾಗಿ ಜಾರಿದ ಮೇಲಷ್ಟೇ ಇನ್ನೆರಡು ಅಂಗುಲ ಮೇಲಕ್ಕೆ ಹೋಗಬೇಕು. ನೆತ್ತಿಯಿಂದ ಒಂದೇ ಸಲಕ್ಕೆ ಕೆಳಗೆಳೆದರೆ ಚಿಕ್ಕ ಚಿಕ್ಕ ಗಂಟುಗಳೆಲ್ಲ ತುದಿಯಲ್ಲಿ ಸೇರಿ ಒಂದು ದೊಡ್ಡ ಗಂಟಾಗುತ್ತದೆ. ಹಣಿಗೆಯ ಹಲ್ಲು ಅಗಲವಾಗಿರಲಿ.

ಗುಂಗುರು ಕೂದಲಿಗೆ ಮಾತ್ರ ಈ ಕ್ರಮ ಪೂರ್ತಿ ಹೊಂದುವುದಿಲ್ಲ. ಒಣಗಿದ ಗುಂಗುರು ಕೂದಲನ್ನು ಬಾಚಿದರೆ ಅದು ಕೆದರಿ ಮುರಿಯುವುದರಿಂದ, ಮೊದಲು ಬೆರಳಿನಲ್ಲಿ ದೊಡ್ಡ ಗಂಟುಗಳನ್ನಷ್ಟೇ ಸಡಿಲಿಸಿ, ಉಳಿದದ್ದನ್ನು ಸ್ನಾನದ ಮಧ್ಯೆ ಕಂಡೀಷನರ್ ಅಥವಾ ಗೊಂಪು (ದಾಸವಾಳದ ಎಲೆಯ ಲೋಳೆ) ಹಚ್ಚಿ ಜಾರುವಂತೆ ಮಾಡಿಕೊಂಡು ಬಿಡಿಸಬೇಕು.

ಗೊಂಪಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಿತ್ತಿಲಲ್ಲಿ ದಾಸವಾಳವಿದ್ದವರಿಗೆ ಇದರ ಖರ್ಚು ಏನೂ ಇಲ್ಲ. ಹತ್ತು ಹನ್ನೆರಡು ಎಲೆಗಳನ್ನು ತೊಳೆದು, ಅರ್ಧ ತಂಬಿಗೆ ನೀರಿನಲ್ಲಿ ಕೈಯಿಂದ ಚೆನ್ನಾಗಿ ಕಿವುಚಿದರೆ ಎಲೆಯೊಳಗಿನ ಲೋಳೆ ಬಿಟ್ಟುಕೊಂಡು ನೀರು ದಪ್ಪಗಾಗುತ್ತದೆ. ಅದನ್ನು ತೆಳುವಾದ ಬಟ್ಟೆಯಲ್ಲಿ ಸೋಸಲೇಬೇಕು, ಇಲ್ಲವಾದರೆ ಎಲೆಯ ಚೂರುಗಳು ಕೂದಲಿಗೆ ಅಂಟಿ, ಅವನ್ನು ಹೆಕ್ಕುವುದೇ ಮತ್ತೊಂದು ಜಗಳವಾಗುತ್ತದೆ. ಮೊದಲ ಸಲ ಬಳಸುವಾಗ ಮಗುವಿನ ಮುಂಗೈಗೆ ಸ್ವಲ್ಪ ಹಚ್ಚಿ, ತುರಿಕೆಯಾಗಲಿ ಕೆಂಪಾಗಲಿ ಕಾಣದಿದ್ದರೆ ಮರುದಿನ ತಲೆಗೆ ಹಾಕಿ. ಗೊಂಪು ಕೂದಲನ್ನು ನುಣುಪು ಮಾಡುತ್ತದೆಯೇ ಹೊರತು ಹೆಚ್ಚಿನ ಜಿಡ್ಡನ್ನು ತೆಗೆಯಲಾರದು, ಆದ್ದರಿಂದ ಎಣ್ಣೆ ಹೆಚ್ಚಿದ್ದ ದಿನ ಮೊದಲು ಸ್ವಲ್ಪ ಶಾಂಪೂ, ಆಮೇಲೆ ಗೊಂಪು. ಸೀಗೆಕಾಯಿ ಪುಡಿ ಜಿಡ್ಡನ್ನು ತೆಗೆಯುವುದು ನಿಜವಾದರೂ ಕಣ್ಣಿಗೆ ಬಿದ್ದರೆ ತೀವ್ರವಾಗಿ ಉರಿಯುತ್ತದೆ. ಕಣ್ಣು ಮುಚ್ಚಿಕೊಳ್ಳಲು ಹೇಳಿದರೆ ತಕ್ಷಣ ತೆರೆದು ನೋಡುವ ವಯಸ್ಸಿನ ಮಕ್ಕಳಿಗೆ ಅದು ಬೇಡ.

ನೀರಿನ ಬಗೆಗೂ ಗಮನವಿರಲಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಸಮುದ್ರ ಸೇರುವ ಕಡೆಯ ಊರುಗಳಲ್ಲಿ ಎಪ್ರಿಲ್, ಮೇ ತಿಂಗಳ ಹೊತ್ತಿಗೆ ಕೆಲವು ಬಾವಿಗಳ ನೀರು ಉಪ್ಪಾಗುತ್ತದೆ. ಅಂಥ ನೀರಿನಲ್ಲಿ ಸೋಪು ನೊರೆ ಬಾರದೆ ಬಿಳಿಯ ಜಿಗುಟಾಗಿ ಕೂದಲಿನ ಮೇಲೆ ಕೂತು, ಎಷ್ಟು ತೊಳೆದರೂ ಕೂದಲು ಒರಟಾಗಿಯೇ ಉಳಿಯುತ್ತದೆ. ಆಗ ಮೈಸೋಪನ್ನು ತಲೆಗೆ ಬಳಸದೆ ಶಾಂಪೂವನ್ನೇ ಬಳಸಿ, ಕೊನೆಯ ಎರಡು ತಂಬಿಗೆಗಾದರೂ ಸಿಹಿನೀರನ್ನು ಎತ್ತಿಟ್ಟುಕೊಳ್ಳುವುದು ಲೇಸು.

ಹಂಡೆಯ ನೀರನ್ನು ತೋಡಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿದಾಗ ಬಿಸಿಯೆನಿಸದೆ ಬೆಚ್ಚಗಿದ್ದರೆ ಸಾಕು. ದೊಡ್ಡವರಿಗೆ ಹಿತವೆನಿಸುವ ಬಿಸಿ ಮಗುವಿನ ನೆತ್ತಿಗೆ ಹೆಚ್ಚಾಗುತ್ತದೆ. ಮಗುವನ್ನು ಬಗ್ಗಿಸಿ ತಲೆಯ ಮೇಲಿಂದ ನೀರು ಸುರಿಯುವ ಹಳೆಯ ರೂಢಿಯನ್ನು ಬಿಟ್ಟು, ಮಾಡಿನ ಹಂಚನ್ನೋ ಜಂತಿಯನ್ನೋ ನೋಡುವಂತೆ ತಲೆಯನ್ನು ಹಿಂದಕ್ಕೆ ವಾಲಿಸಿ, ನಿಮ್ಮ ಒಂದು ಅಂಗೈಯನ್ನು ಹಣೆಗೆ ಅಡ್ಡಕಟ್ಟಿನ ಹಾಗೆ ಒತ್ತಿಹಿಡಿದು, ನೀರು ಹಿಂದಕ್ಕೇ ಹರಿಯುವಂತೆ ನಿಧಾನವಾಗಿ ಸುರಿಯಿರಿ. ಮಡಿಸಿದ ಒಣ ಪಂಚೆಯ ತುಂಡೊಂದನ್ನು ಮಗುವೇ ಕಣ್ಣಿನ ಮೇಲೆ ಹಿಡಿದುಕೊಂಡರೆ ಇನ್ನೂ ಒಳ್ಳೆಯದು. ಪ್ರತಿ ತಂಬಿಗೆಯ ಮೊದಲು ಹೇಳಿ ಸುರಿಯುವುದನ್ನೂ, ಎಷ್ಟು ತಂಬಿಗೆ ಆಯಿತೆಂದು ಎಣಿಸುವ ಅಧಿಕಾರವನ್ನು ಮಗುವಿಗೇ ಕೊಡುವುದನ್ನೂ ಮರೆಯಬೇಡಿ. ಹೇಳದೆ ಸುರಿದ ಒಂದು ತಂಬಿಗೆಯ ನೆನಪು ಮುಂದಿನ ರವಿವಾರದವರೆಗೂ ಉಳಿಯುತ್ತದೆ.

ಶಾಂಪೂವನ್ನು ಅಂಗೈಯಲ್ಲಿ ನೀರು ಬೆರೆಸಿ ತೆಳು ಮಾಡಿಕೊಂಡು ನೆತ್ತಿಗೆ ಮಾತ್ರ, ಉಗುರು ತಾಗದಂತೆ, ಬೆರಳ ತುದಿಯಿಂದ ಹಚ್ಚಬೇಕು. ಉದ್ದ ಕೂದಲನ್ನು ನೆತ್ತಿಯ ಮೇಲೆ ಗುಡ್ಡೆ ಹಾಕಿ ಉಜ್ಜಿದರೆ ಜಗಲಿಯಲ್ಲಿ ಪಟ್ಟ ಶ್ರಮವೆಲ್ಲ ವ್ಯರ್ಥ. ತೊಳೆಯುವಾಗ ಇಳಿಯುವ ನೊರೆಯಿಂದಲೇ ತುದಿ ಸ್ವಚ್ಛವಾಗುತ್ತದೆ.

ಕಾರವಾರದ ಕಡಲತೀರದಲ್ಲಿ ಮರಳಾಡಿ ಬಂದ ಸಂಜೆ ಬೇರೆ ಮಾತು. ಉಪ್ಪು ಅಂಟಿದ ಕೂದಲಿಗೆ ಕೂಡಲೇ ಹಣಿಗೆ ಹಾಕದೆ, ಒಣ ಮರಳನ್ನು ಕೊಡವಿ, ಬರೀ ಸಿಹಿನೀರಿನಲ್ಲಿ ತೊಳೆದು, ಆಮೇಲೆ ಎಣ್ಣೆಯನ್ನೋ ಗೊಂಪನ್ನೋ ಹಚ್ಚಿ ಬಿಡಿಸಿ. ಹೋಗುವ ಮೊದಲೇ ಎಣ್ಣೆ ಹಚ್ಚಿ ಜಡೆ ಹೆಣೆದಿದ್ದರೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಒರೆಸುವಾಗ ಉಜ್ಜದೆ ಹಳೆಯ ಹತ್ತಿಬಟ್ಟೆಯಲ್ಲಿ ಒತ್ತಿ ನೀರು ತೆಗೆಯಬೇಕು. ಶಿರಸಿಯಲ್ಲಾಗಲಿ ಕರಾವಳಿಯಲ್ಲಾಗಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂದಲು ಒಣಗುವುದೇ ದೊಡ್ಡ ಸಮಸ್ಯೆಯಾದ್ದರಿಂದ ಮಳೆಗಾಲದಲ್ಲಿ ತಲೆಸ್ನಾನವನ್ನು ಮಧ್ಯಾಹ್ನದ ಒಳಗೆ ಮುಗಿಸಿ, ಫ್ಯಾನಿನ ಗಾಳಿಗೆ ಕೂದಲನ್ನು ಹರವಿ ಕೂರಿಸಿ. ಲೋಬಾನದ ಹೊಗೆ ಹಾಕಿ ಒಣಗಿಸುವ ಪದ್ಧತಿ ಪರಿಮಳಕ್ಕೆ ಚೆನ್ನಾಗಿರಬಹುದು, ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಪೂರ್ತಿ ಒಣಗಿದ ಮೇಲೆ ರಾತ್ರಿಗೆ ಸಡಿಲವಾದ ಒಂದು ಜಡೆ ಹಾಕಿದರೆ ಬೆಳಗಿನ ಸಿಕ್ಕು ಕಡಿಮೆಯಾಗುತ್ತದೆ. ಹಣೆಯ ಚರ್ಮ ಎಳೆಯುವಷ್ಟು ಬಿಗಿಯಾದ ಜಡೆಯಿಂದ ಕಾಲಕ್ರಮದಲ್ಲಿ ಮುಂದಲೆಯ ಕೂದಲೇ ಉದುರಬಹುದು.

ಬಾಚುವಾಗ ಹೇನು ಕಂಡರೆ ಗಾಬರಿ ಬೇಡ, ಸೀಮೆಎಣ್ಣೆಯಂತೂ ಎಂದಿಗೂ ಬೇಡ. ಕಂಡೀಷನರ್ ಹಚ್ಚಿದ ಒದ್ದೆ ಕೂದಲನ್ನು ಸಣ್ಣ ಹಲ್ಲಿನ ಹಣಿಗೆಯಿಂದ ಮೂರು ನಾಲ್ಕು ದಿನಗಳಿಗೊಮ್ಮೆ, ಎರಡು ವಾರಗಳವರೆಗೆ ಬಾಚಿ, ಪ್ರತಿ ಸಲ ಹಣಿಗೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಆಮೇಲೂ ಉಳಿದರೆ ಔಷಧವನ್ನು ವೈದ್ಯರಲ್ಲಿ ಕೇಳಬೇಕು. ಎಣ್ಣೆಗೂ ಗೊಂಪಿಗೂ ಜಗ್ಗದ ಗಂಟನ್ನು ಅಡ್ಡಕ್ಕೆ ಕತ್ತರಿಸದೆ, ಕತ್ತರಿಯ ಮೊನೆಯನ್ನು ನೆತ್ತಿಯಿಂದ ಹೊರಕ್ಕೆ ಇರಿಸಿ, ಕೂದಲಿನ ಉದ್ದಕ್ಕೆ ಒಂದೆರಡು ಕಡೆ ಸೀಳಿದರೆ ಉಳಿದದ್ದನ್ನು ಬೆರಳಿನಿಂದಲೇ ಬಿಡಿಸಬಹುದು.