ಪೂಲ್ ಕ್ಲೀನರ್ ಕೊಳ್ಳುವ ಮುಂಚೆ ನಿಮ್ಮ ಪೂಲಿನ ಕಸ ನೋಡಿ

ಕ್ಲೀನರ್ ಬೇಕು ಅನ್ನಿಸಿದ ತಕ್ಷಣ ಎಲ್ಲರೂ ಯಾವ ಮಾಡೆಲ್ ಚೆನ್ನಾಗಿದೆ ಅಂತ ಹುಡುಕಲು ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಹೋಗಿ ಸ್ಕಿಮ್ಮರ್, ಅಂದರೆ ಪೂಲಿನ ಅಂಚಿನಲ್ಲಿ ತೇಲುವ ಕಸ ಎಳೆದುಕೊಳ್ಳುವ ಬಾಯಿ, ಅದರ ಬುಟ್ಟಿ ತೆಗೆದು ನೋಡಿ. ಬೆಳಗ್ಗೆ ನೀರು ಅಲ್ಲಾಡದೆ ನಿಂತಿರುವಾಗ ತಳವನ್ನೂ ನೋಡಿ. ಅಲ್ಲಿರುವುದು ತರಗೆಲೆ, ಕಡ್ಡಿಯಾ? ಅಥವಾ ಕೋಲು ತಾಗಿಸಿದರೆ ಹೊಗೆಯ ಹಾಗೆ ಏಳುವ ನುಣ್ಣನೆ ಧೂಳಾ? ನೀರು ಮುಟ್ಟುವ ಅಂಚಿನಲ್ಲಿ ಬೆರಳಾಡಿಸಿದರೆ ಜಿಡ್ಡು ಹತ್ತುತ್ತದೆಯಾ? ಒಂದು ವಾರ ಹೀಗೆ ಗಮನಿಸಿದರೆ ಯಾವ ಥರದ ಮಷೀನು ಬೇಕು ಅನ್ನುವುದು ಅರ್ಧ ತೀರ್ಮಾನ ಆದಂತೆಯೇ.

ನಾನು ಹಾಗೆ ನೋಡದೆ ಕೊಂಡೆ. ಪೂಲಿನ ಪಕ್ಕದಲ್ಲೇ ಮರ ಇದ್ದರೂ, ಪಂಪಿನ ಎಳೆತದಿಂದ ಓಡುವ ಸಕ್ಷನ್ ಕ್ಲೀನರ್ ತಂದೆ. ಎರಡು ದಿನಕ್ಕೊಮ್ಮೆ ಎಲೆಗಳು ಅದರ ಬಾಯಿಗೆ ಸಿಕ್ಕಿಕೊಳ್ಳುತ್ತಿದ್ದವು, ಪಂಪಿನ ಬುಟ್ಟಿ ತುಂಬಿ ನೀರಿನ ಓಟವೇ ಕಡಿಮೆಯಾಗುತ್ತಿತ್ತು. ಮಷೀನಿನಲ್ಲಿ ಏನೂ ದೋಷ ಇರಲಿಲ್ಲ, ನನ್ನ ಪೂಲಿಗೆ ಅದು ಸರಿಯಾದದ್ದಲ್ಲ, ಅಷ್ಟೇ.

ಹಾಗಂತ ಸಕ್ಷನ್ ಕ್ಲೀನರ್ ಕೆಟ್ಟದ್ದೇನಲ್ಲ. ಬೆಲೆ ಕಡಿಮೆ, ಸ್ವಂತ ಮೋಟರ್ ಇಲ್ಲ, ಕೆಡುವ ಭಾಗಗಳೂ ಕಡಿಮೆ. ಪೈಪನ್ನು ಸ್ಕಿಮ್ಮರಿಗೋ ಗೋಡೆಯಲ್ಲಿರುವ ವ್ಯಾಕ್ಯೂಮ್ ಪೋರ್ಟಿಗೋ ಸಿಕ್ಕಿಸಿದರೆ ಪಂಪು ನೀರೆಳೆಯುವ ರಭಸಕ್ಕೆ ಅದು ತಳದಲ್ಲಿ ಓಡಾಡುತ್ತದೆ, ಕಸ ಪಂಪಿನ ಬುಟ್ಟಿಗೂ ಅಲ್ಲಿಂದ ಮುಂದೆ ಫಿಲ್ಟರಿಗೂ ಹೋಗುತ್ತದೆ. ಅಂದರೆ ಹೊರೆಯೆಲ್ಲ ನಿಮ್ಮ ಫಿಲ್ಟರಿನ ಮೇಲೆ. ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು) ಜಾಸ್ತಿ ಮಾಡಬೇಕು, ನೀರೂ ಅಷ್ಟು ಹೋಗುತ್ತದೆ. ಮರಳಿನ ಫಿಲ್ಟರ್ ಸಾಮಾನ್ಯವಾಗಿ 20ರಿಂದ 40 ಮೈಕ್ರಾನ್‌ವರೆಗಿನ ಕಣ ಹಿಡಿಯುತ್ತದೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಅದಕ್ಕಿಂತ ನುಣ್ಣನೆಯದು ತಿರುಗಿ ಪೂಲಿಗೇ ಬರುತ್ತದೆ. ಸ್ಕಿಮ್ಮರಿಗೆ ಪೈಪು ಹಾಕಿದಷ್ಟು ಹೊತ್ತು ಮೇಲೆ ತೇಲುವ ಕಸವನ್ನು ಅದು ಎಳೆಯುವುದಿಲ್ಲ ಅನ್ನುವುದೂ ನೆನಪಿರಲಿ. ಚಿಕ್ಕ ಪೂಲು, ಒಳ್ಳೆ ಪಂಪು, ಎಲೆ ಕಡಿಮೆ, ಹೀಗಿದ್ದರೆ ಧೈರ್ಯವಾಗಿ ಕೊಳ್ಳಿ. ಅಪರೂಪಕ್ಕೆ ಎಲೆ ಬೀಳುತ್ತದೆ ಅಂದರೆ ಪೈಪಿನ ಮಧ್ಯೆ ಎಲೆ ಹಿಡಿಯುವ ಡಬ್ಬಿ ಒಂದನ್ನು ಸೇರಿಸಿ. ಪೈಪನ್ನು ಸಿಕ್ಕಿಸುವ ಮುಂಚೆ ಅದರೊಳಗೆ ಪೂರ್ತಿ ನೀರು ತುಂಬಿಸಿ, ಇಲ್ಲದಿದ್ದರೆ ಪಂಪು ಗಾಳಿ ಎಳೆದುಕೊಳ್ಳುತ್ತದೆ.

ಎಲೆಯೇ ದೊಡ್ಡ ತಲೆನೋವಾದರೆ ಪ್ರೆಶರ್ ಕ್ಲೀನರ್ ನೋಡಿ. ಪಂಪಿನಿಂದ ವಾಪಸ್ ಬರುವ ನೀರಿನ ಒತ್ತಡದಲ್ಲಿ ಓಡುತ್ತದೆ, ಬಾಯಿ ಅಗಲ, ಕಸಕ್ಕೆ ತನ್ನದೇ ಚೀಲ ಇರುತ್ತದೆ, ಫಿಲ್ಟರಿಗೆ ಹೊರೆಯಿಲ್ಲ. ಆದರೆ ನುಣ್ಣನೆ ಧೂಳು ಆ ಚೀಲದಿಂದ ನುಸುಳಿಹೋಗುತ್ತದೆ. ಜೋರಾಗಿ ಕೆಲಸ ಮಾಡುವ ಮಾಡೆಲ್‌ಗಳಿಗೆ ಒತ್ತಡ ಹೆಚ್ಚಿಸುವ ಬೂಸ್ಟರ್ ಪಂಪು, ಅದಕ್ಕೊಂದು ಪ್ರತ್ಯೇಕ ಪೈಪ್‌ಲೈನ್ ಬೇಕಾಗುತ್ತದೆ. ಪೂಲು ಕಟ್ಟುವಾಗಲೇ ಹಾಕಿಸಿಲ್ಲದಿದ್ದರೆ ಈಗ ಅಗೆಸುವುದು ದೊಡ್ಡ ಕೆಲಸ, ಮೊದಲು ವಿಚಾರಿಸಿ.

ಇನ್ನು ರೋಬೋ. ಖರ್ಚು ಮಾಡಲು ಸಾಧ್ಯ ಇದ್ದರೆ ಹೆಚ್ಚಿನ ಮನೆಗಳಿಗೆ ನಾನು ಹೇಳುವುದು ಇದನ್ನೇ. ತನ್ನದೇ ಮೋಟರು, ಬ್ರಷ್ಷು, ಫಿಲ್ಟರು ಎಲ್ಲ ಇರುತ್ತದೆ, ಹಾಗಾಗಿ ನಿಮ್ಮ ಪಂಪು ಎಷ್ಟು ಬಲವಾದದ್ದು ಅನ್ನುವ ಚಿಂತೆ ಇಲ್ಲ. ಬರೀ ಎಳೆದುಕೊಳ್ಳುವುದಲ್ಲ, ಉಜ್ಜುತ್ತದೆ. ಧೂಳಿನ ಸಮಸ್ಯೆ ಇದ್ದವರು ನುಣ್ಣನೆ ಫಿಲ್ಟರ್ ಜೊತೆಗೆ ಕೊಡುತ್ತಾರಾ ಕೇಳಿ. ಅಂಚಿನ ಜಿಡ್ಡು ಹೋಗಬೇಕು ಅಂದರೆ ನೀರಿನ ಮಟ್ಟದವರೆಗೆ ಗೋಡೆ ಹತ್ತುವ ಮಾಡೆಲ್ಲೇ ಬೇಕು, ಕೆಲವು ತಳ ಮಾತ್ರ ಗುಡಿಸುತ್ತವೆ. ಬ್ರಷ್ ವಿಷಯದಲ್ಲಿ ಮೋಸ ಹೋಗಬೇಡಿ. ನುಣುಪಾದ ಟೈಲ್ಸ್, ಫೈಬರ್‌ಗ್ಲಾಸ್ ಮೇಲೆ ಗಟ್ಟಿ ರಬ್ಬರಿನಂಥ ಬ್ರಷ್ ಜಾರುತ್ತದೆ, ಅದಕ್ಕೆ ಸ್ಪಂಜಿನ ಹಾಗಿರುವ ಫೋಮ್ ಬ್ರಷ್ ಬೇಕು. ಒರಟು ಸಿಮೆಂಟ್ ಮೇಲ್ಮೈಗಾದರೆ ಗಟ್ಟಿ ಬ್ರಷ್ಷೇ ಸರಿ.

ವೈರಿನ ಉದ್ದ ಅಳೆದು ನೋಡದೆ ಕೊಳ್ಳಬೇಡಿ. 10 ಮೀಟರ್ ಉದ್ದ, 5 ಮೀಟರ್ ಅಗಲದ ಪೂಲಿನಲ್ಲಿ ಮೂಲೆಯಿಂದ ಮೂಲೆಗೆ 11 ಮೀಟರ್ ದಾಟುತ್ತದೆ. ರೋಬೋಗೆ ಕರೆಂಟ್ ಕೊಡುವ ಪವರ್ ಬಾಕ್ಸನ್ನು ನೀರಿನಿಂದ ಕನಿಷ್ಠ 3 ಮೀಟರ್ ದೂರ ಇಡಬೇಕು, ಅದರ ಮೇಲೆ ಆಳ ಬೇರೆ ಸೇರುತ್ತದೆ. ಬಾಕ್ಸನ್ನು ಮೂಲೆಯಲ್ಲಿ ಇಡುವ ಬದಲು ಉದ್ದ ಬದಿಯ ಮಧ್ಯದಲ್ಲಿ ಇಟ್ಟರೆ ಆ 11 ಮೀಟರು ಸುಮಾರು 7ಕ್ಕೆ ಇಳಿಯುತ್ತದೆ! ವೈರಿಲ್ಲದ ಬ್ಯಾಟರಿ ರೋಬೋಗಳೂ ಇವೆ, ಚಿಕ್ಕ ಪೂಲಿಗೆ ಅನುಕೂಲ. ಆದರೆ ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಹೊತ್ತು ಓಡುತ್ತದೆ, ಬ್ಯಾಟರಿ ಹಳತಾದಾಗ ಬದಲಿಸಿಕೊಡುತ್ತಾರಾ ಅನ್ನುವುದು ಗೊತ್ತಾಗದೆ ದುಡ್ಡು ಕೊಡಬೇಡಿ.

ಅಂಗಡಿಯಲ್ಲಿ ಒಮ್ಮೆ ಎತ್ತಿ ನೋಡಿ. ಒಣಗಿರುವಾಗಲೇ ಎಷ್ಟೋ ರೋಬೋಗಳು 8ರಿಂದ 10 ಕಿಲೋ ತೂಗುತ್ತವೆ, ನೀರು ತುಂಬಿಕೊಂಡು ಮೇಲೆ ಬರುವಾಗ ಇನ್ನೂ ಭಾರ. ಮನೆಯಲ್ಲಿ ಅದನ್ನು ಎತ್ತುವವರು ಯಾರು? ವಯಸ್ಸಾದವರಾದರೆ ಹಗುರವಾದದ್ದನ್ನೇ ಆರಿಸಿ. ಕಸದ ಬುಟ್ಟಿ ಮೇಲಿನಿಂದ ತೆಗೆಯುವಂತಿರಲಿ. ಪ್ರತಿ ಸಲವೂ ತೊಳೆಯಬೇಕಾದ ಭಾಗ ಅದು, ಮಷೀನನ್ನು ತಿರುಗಿಸಿ ಅಡಿಯಿಂದ ಬಿಚ್ಚಬೇಕಾದರೆ ಒಂದು ತಿಂಗಳಿಗೆ ಬೇಜಾರು ಬರುತ್ತದೆ. ಬ್ರಷ್, ಬೆಲ್ಟ್, ಚಕ್ರ ಸವೆಯುವ ಸಾಮಾನುಗಳು, ಬಿಡಿಯಾಗಿ ಸಿಗುತ್ತವಾ ಕೇಳಿ. ನನ್ನ ಪ್ರಕಾರ ಮೊಬೈಲ್ ಆ್ಯಪ್‌ಗಿಂತ ಇದು ಮುಖ್ಯ.

ಯಾವುದು ತಂದರೂ ಅದು ನೀರಿನಲ್ಲಿ ಕೆಲಸ ಮಾಡುತ್ತಿರುವಾಗ ಯಾರೂ ಈಜಲು ಇಳಿಯಬಾರದು, ಮಕ್ಕಳಂತೂ ಹತ್ತಿರ ಬರುವುದೂ ಬೇಡ. ರೋಬೋ ಹಾಕುವ ಪ್ಲಗ್ಗಿಗೆ ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಬ್ರೇಕರ್ ಇರಲೇಬೇಕು, ಇದರಲ್ಲಿ ರಾಜಿ ಇಲ್ಲ. ನೀರಿನ ಹೊರಗೆ ಆನ್ ಮಾಡಬೇಡಿ, ವೈರ್ ಹಿಡಿದು ಮೇಲೆತ್ತಬೇಡಿ, ಜಾಸ್ತಿ ಕ್ಲೋರಿನ್ ಹಾಕುವ ದಿನ ಹೊರಗೆ ತೆಗೆದು ನೆರಳಿನಲ್ಲಿಡಿ.

ನೀರು ಹಸಿರಾಗಿದೆ ಅಂತ ಕ್ಲೀನರ್ ಕೊಳ್ಳಲು ಹೊರಟಿದ್ದರೆ ಮಾತ್ರ ಈಗಲೇ ಬೇಡ. ಪಾಚಿಯನ್ನು ಯಾವ ಮಷೀನೂ ಕೊಲ್ಲುವುದಿಲ್ಲ. ಮೊದಲು ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.2ರಿಂದ 7.8ರ ಒಳಗೆ ತನ್ನಿ, ಕ್ಲೋರಿನ್ ಸರಿಮಾಡಿ, ಪಾಚಿ ಸತ್ತು ತಳಕ್ಕೆ ಕೂತ ಮೇಲೆ ಕೈ ವ್ಯಾಕ್ಯೂಮಿನಿಂದ ಫಿಲ್ಟರಿಗೆ ಬಿಡದೆ ನೇರ ಹೊರಗೆ ಹರಿಸಿ. ಕೋಲು, ಬಲೆ, ಕೈ ಬ್ರಷ್ ಹೇಗೂ ಬೇಕೇ ಬೇಕು. ಮೆಟ್ಟಿಲ ಸಂದಿ, ಏಣಿಯ ಹಿಂದೆ ಯಾವ ರೋಬೋನೂ ಸರಿಯಾಗಿ ಹೋಗುವುದಿಲ್ಲ. ವಿನೈಲ್ ಅಥವಾ ಫೈಬರ್‌ಗ್ಲಾಸ್ ಪೂಲಾದರೆ ನೈಲಾನ್ ಬ್ರಷ್ ತನ್ನಿ, ಸ್ಟೀಲ್ ತಂತಿಯದು ಗೀರು ಹಾಕುತ್ತದೆ.

ಮನೆಗೆ ತಂದ ಮೇಲೆ ಮೊದಲ ಎರಡು ಮೂರು ಸಲ ಪಕ್ಕದಲ್ಲೇ ಕೂತು ಪೂರ್ತಿ ನೋಡಿ. ತಳದ ಡ್ರೈನ್ ಮುಚ್ಚಳದ ಮೇಲೆ ಹತ್ತಿ ನಿಂತುಬಿಡುತ್ತಾ, ಯಾವ ಮೂಲೆ ಬಿಟ್ಟುಹೋಗುತ್ತೆ, ವೈರು ಸುತ್ತಿಕೊಳ್ಳುತ್ತಾ ಅಂತ ಬರೆದಿಟ್ಟುಕೊಳ್ಳಿ. ವಾಪಸ್ ಕೊಡಲು ಅವಕಾಶ ಇರುವ ದಿನಗಳ ಒಳಗೇ ಇದನ್ನು ಮಾಡಿ ಮುಗಿಸಿ.