ಕೊಯ್ಲಾದ ಗದ್ದೆಯಲ್ಲಿ ಮೊದಲ ಪಾಠ: ಸಾಕುನಾಯಿಗೆ ಹಿಂಡು ನಡೆಸಲು ಕಲಿಸುವುದು

ಕೊಡಗಿನ ತೋಟದ ಮನೆಗಳಲ್ಲಿ ಜರ್ಮನ್ ಶೆಫರ್ಡ್ ನಾಯಿ ಸಾಮಾನ್ಯವಾಗಿ ಗೇಟು ಕಾಯುತ್ತದೆ. ಅದು ಮೂಲತಃ ಕುರಿಮಂದೆಯೊಂದಿಗೆ ದುಡಿಯುತ್ತಿದ್ದ ನಾಯಿಗಳಿಂದ ಬಂದ ತಳಿ ಎಂಬುದು ಮನೆಯವರಿಗೆ ನೆನಪಾಗುವುದು, ಅದು ಪಕ್ಕದ ಮನೆಯ ಬಾತುಕೋಳಿಗಳನ್ನೆಲ್ಲ ಒಂದು ಮೂಲೆಗೆ ಸೇರಿಸಿ ನಿಂತ ದಿನ. ಅಂಥ ನಾಯಿಯನ್ನು ಗದರಿಸಿ ಕಟ್ಟಿಹಾಕುವ ಬದಲು ಅದರ ಗುಣವನ್ನು ಕ್ರಮವಾಗಿ ಪರೀಕ್ಷಿಸಿ ಪಳಗಿಸಬಹುದು. ಆದರೆ ಹಿಂಡು ನಡೆಸುವ ಗುಣ ಬೇಟೆಯ ಗುಣದಿಂದಲೇ ಬಂದದ್ದು. ಅಟ್ಟುವುದು, ಸುತ್ತುವರಿಯುವುದು, ದಿಟ್ಟಿಸುವುದು ಇವೆಲ್ಲ ಉಳಿದು, ಕಚ್ಚಿ ಕೊಲ್ಲುವ ಕೊನೆಯ ಹಂತ ಮಾತ್ರ ತಲೆಮಾರುಗಳ ಆಯ್ಕೆಯಿಂದ ಕುಗ್ಗಿದೆ. ಆದ್ದರಿಂದ ನಾವು ಕಲಿಸಬೇಕಾದದ್ದು ಓಡುವುದನ್ನಲ್ಲ, ನಿಲ್ಲುವುದನ್ನು.

ಕುರಿನಾಯಿಗಳ ಸ್ಪರ್ಧೆ ವೇಲ್ಸ್‌ನ ಬಾಲಾ ಎಂಬ ಊರಿನಲ್ಲಿ 1873ರಷ್ಟು ಹಿಂದೆಯೇ ನಡೆದಿತ್ತು. ಸಾಕುನಾಯಿಗಳಿಗೆಂದು ಸುಲಭ ಪರೀಕ್ಷೆಗಳು ಬಂದದ್ದು ಬಹಳ ತಡವಾಗಿ. ನಾಯಿತಳಿಗಳ ಸಂಸ್ಥೆಯಾದ ಅಮೆರಿಕನ್ ಕೆನಲ್ ಕ್ಲಬ್‌ನ ಕ್ರಮದಲ್ಲಿ 6 ತಿಂಗಳು ತುಂಬಿದ ನಾಯಿಗೆ ಮೊದಲು ಹುಟ್ಟುಗುಣದ ಪರೀಕ್ಷೆ ಇರುತ್ತದೆ. ಪ್ರಾಣಿಗಳನ್ನು ಕಂಡಾಗ ಅದು ಬಿಡದೆ ಆಸಕ್ತಿ ತೋರುತ್ತದೆಯೇ ಎಂದಷ್ಟೇ ಅಲ್ಲಿ ನೋಡುತ್ತಾರೆ. 9 ತಿಂಗಳ ನಂತರದ ಪರೀಕ್ಷೆಯಲ್ಲಿ ನಾಯಿ ಆರಂಭದಲ್ಲಿ ತಾಳ್ಮೆಯಿಂದ ಕಾಯಬೇಕು, ಹಿಂಡನ್ನು ಗಾಬರಿಪಡಿಸದೆ ಮುನ್ನಡೆಸಬೇಕು, ದಿಕ್ಕು ಬದಲಿಸಬೇಕು, ಹೇಳಿದಲ್ಲಿ ನಿಲ್ಲಬೇಕು, ಕೊನೆಗೆ ಹಿಂಡನ್ನು ಬಿಟ್ಟು ಒಡೆಯನ ಬಳಿಗೆ ಬರಬೇಕು. ಪ್ರಮಾಣಪತ್ರದ ಆಸೆ ಇಲ್ಲದವರಿಗೂ ಈ ಪಟ್ಟಿಯೇ ಅಭ್ಯಾಸದ ಗುರಿಯಾಗಲಿ.

ಎಲ್ಲ ನಾಯಿಗೂ ಈ ಕೆಲಸ ಒಗ್ಗುವುದಿಲ್ಲ. ಮುಧೋಳ ನಾಯಿ ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟಿ ಹಿಡಿಯುವ ಬೇಟೆನಾಯಿ. ಅದನ್ನು ಕುರಿಗಳ ಮಧ್ಯೆ ಬಿಡುವುದು ಸಾಹಸವಲ್ಲ, ಅವಿವೇಕ. ಬಯಲುಸೀಮೆಯ ಕುರಿಗಾಹಿಗಳ ಜೊತೆ ಬರುವ ನಾಯಿಗಳು ಮಂದೆಯನ್ನು ತೋಳದಿಂದ ಕಾಯುವಂಥವು. ಕಾಯುವುದು ಬೇರೆ, ನಡೆಸುವುದು ಬೇರೆ.

ಪ್ರಾಣಿಗಳ ಹತ್ತಿರ ಹೋಗುವ ಮೊದಲು ಕನಿಷ್ಠ ಎರಡು ತಿಂಗಳು ಮನೆಯಂಗಳದಲ್ಲೇ ಮೂರು ಮಾತುಗಳನ್ನು ಗಟ್ಟಿಮಾಡಿಸಬೇಕು: ‘ಮಲಗು’, ‘ಬಾ’, ‘ಸಾಕು’. ಚೆಂಡಿನ ಹಿಂದೆ ಓಡುತ್ತಿರುವ ನಾಯಿ ‘ಮಲಗು’ ಎಂದೊಡನೆ ನಡುದಾರಿಯಲ್ಲಿ ನೆಲಕ್ಕೆ ಒರಗಿದರೆ ಪಾಠ ಮುಗಿದಿದೆ ಎನ್ನಬಹುದು. ಮನೆಯೊಳಗೆ ಬಿಸ್ಕತ್ತಿಗಾಗಿ ಮಲಗುವುದು ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ ಸುಮಾರು ಹತ್ತು ಮೀಟರ್ ಉದ್ದದ ಹಗ್ಗ ಬೇಕು, ಅದರ ತುದಿಯಲ್ಲಿ ಕುಣಿಕೆ ಇರಬಾರದು. ನಾನು ಈ ಮಾತನ್ನು ಅಲಕ್ಷಿಸಿ ತೋಟದ ಅಂಚಿನಲ್ಲಿ ಅಭ್ಯಾಸಕ್ಕಿಳಿದಾಗ ಕುಣಿಕೆ ಕಾಫಿ ಗಿಡದ ಬುಡಕ್ಕೆ ಸಿಕ್ಕಿತು. ಓಡುತ್ತಿದ್ದ ನಾಯಿ ಪಲ್ಟಿ ಹೊಡೆದು ಕಿರುಚಿತು, ಬಾತುಗಳೆಲ್ಲ ಕೆರೆಗೆ ಹಾರಿ ಸಂಜೆಯವರೆಗೆ ದಡ ಹತ್ತಲಿಲ್ಲ.

ಸ್ಥಳ ಮತ್ತು ಕಾಲದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಅದರದೇ ನಿಯಮಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾರುವ ನೆಲ, ಜಿಗಣೆ, ಒದ್ದೆಯಲ್ಲಿ ಕೊಳೆಯುವ ಕುರಿಗೊರಸು ಇವುಗಳ ನಡುವೆ ಅಭ್ಯಾಸ ಸಾಗದು. ಪುತ್ತರಿ ಹಬ್ಬ ಕಳೆದು ಕೊಯ್ಲು ಮುಗಿದ ಮೇಲೆ, ಜನವರಿ ಫೆಬ್ರವರಿಯ ಬೆಳಗಿನ ಹೊತ್ತು, ಒಣಗಿದ ಗದ್ದೆಯೊಂದರಲ್ಲಿ ಬಲೆ ಅಥವಾ ಬಿದಿರಿನಿಂದ ಸುಮಾರು ಹದಿನೈದು ಮೀಟರ್ ಅಗಲದ ದುಂಡು ಆವರಣ ಮಾಡಿಕೊಳ್ಳಬಹುದು. ದುಂಡಗೇ ಇರಲಿ, ಏಕೆಂದರೆ ಮೂಲೆಯಲ್ಲಿ ಸಿಕ್ಕಿಬಿದ್ದ ಪ್ರಾಣಿಯ ಮೇಲೆಯೇ ನಾಯಿ ಎರಗುವುದು. ಕುರಿ ಸಿಗದ ಊರಿನಲ್ಲಿ ಐದಾರು ಬಾತುಗಳು ಸಾಕು. ಅವು ಚದುರದೆ ಗುಂಪಾಗಿ ನಡೆಯುತ್ತವೆ. ಆದರೆ ಬಿಸಿಲೇರಿ ಅವು ಕೊಕ್ಕು ತೆರೆದು ಏದುಸಿರು ಬಿಟ್ಟರೆ ಆ ದಿನದ ಪಾಠ ಅಲ್ಲಿಗೇ ನಿಲ್ಲಬೇಕು. ಮೇಕೆಗಳು ತಿರುಗಿ ನಿಂತು ಕೊಂಬು ತೋರಿಸುವುದರಿಂದ ಎಳೆಯ ನಾಯಿಗೆ ಒಳ್ಳೆಯ ಮೊದಲ ಗುರುಗಳಲ್ಲ. ಕರು ಜೊತೆಗಿರುವ ಹಸುವಿನ ಹತ್ತಿರವಂತೂ ಸುಳಿಯಲೇಬಾರದು.

ಔಷಧದ ಮಾತನ್ನೂ ಇಲ್ಲೇ ಹೇಳಬೇಕು. ರಕ್ತ ಹೀರುವ ಉಣ್ಣೆಹುಳಕ್ಕೆಂದು ದನಕ್ಕೆ ಚುಚ್ಚುವ ಐವರ್ಮೆಕ್ಟಿನ್ ಅನ್ನು ನಾಯಿಗೂ ಅಂದಾಜಿನಲ್ಲಿ ಕೊಡುವ ರೂಢಿ ಕೆಲವೆಡೆ ಇದೆ. ಕೋಲಿ ಎಂಬ ಕುರಿನಾಯಿ ಜಾತಿಯ ಅನೇಕ ನಾಯಿಗಳಲ್ಲಿರುವ ಒಂದು ಆನುವಂಶಿಕ ದೋಷದಿಂದ ಈ ಔಷಧ ಮಿದುಳಿಗೆ ಸೇರಿ ಪ್ರಾಣಕ್ಕೇ ಎರವಾಗಬಹುದು. ಔಷಧ ಕೊಟ್ಟ ಕುರಿಯ ಹಿಕ್ಕೆ ತಿಂದರೂ ಅಪಾಯವಿದೆ. ಪಶುವೈದ್ಯರಿಗೆ ತಳಿಯ ಹೆಸರನ್ನು ಹೇಳಿಯೇ ಚಿಕಿತ್ಸೆ ಪಡೆಯಬೇಕು. ರೇಬಿಸ್ ಲಸಿಕೆ ಮತ್ತು ಜಂತುಹುಳದ ಔಷಧ ಆಗದ ನಾಯಿಯನ್ನು ಬೇರೆಯವರ ಹಿಂಡಿನ ಬಳಿ ಒಯ್ಯುವುದು ಸರಿಯಲ್ಲ.

ಮೊದಲ ದಿನ ಆವರಣದೊಳಗೆ ಹಗ್ಗ ಹಿಡಿದು ನಾಯಿಯೊಂದಿಗೆ ಸುಮ್ಮನೆ ನಡೆಯಬೇಕು. ಪ್ರತಿ ಪ್ರಾಣಿಗೂ ಒಂದು ಅಂತರವಿದೆ, ಅದನ್ನು ದಾಟಿದರೆ ಅದು ಸರಿಯುತ್ತದೆ. ಭುಜದ ಹಿಂದಿನಿಂದ ಸಮೀಪಿಸಿದರೆ ಮುಂದಕ್ಕೆ, ಮುಂದಿನಿಂದ ಸಮೀಪಿಸಿದರೆ ಹಿಂದಕ್ಕೆ. ನಾಯಿಗೆ ಕಲಿಸುವ ಮುಂಚೆ ಮೇಯುವ ಹಸುವಿನ ಬಳಿ ನೀವೇ ನಡೆದು ಇದನ್ನು ಪರೀಕ್ಷಿಸಿ ನೋಡಿ. ನಂತರ ಹಗ್ಗವನ್ನು ನೆಲಕ್ಕೆ ಬಿಟ್ಟು ನಾಯಿಯ ಬಾಲವನ್ನು ಗಮನಿಸಬೇಕು. ಬಾಲ ಕೆಳಗಿಳಿದು, ತಲೆ ತಗ್ಗಿ, ನಾಯಿ ಬಳಸಿಕೊಂಡು ಹೋದರೆ ಅದು ಕೆಲಸದ ಭಾವ. ಬಾಲ ಎತ್ತಿ ನೇರವಾಗಿ ನುಗ್ಗಿದರೆ ಆಟ ಅಥವಾ ಬೇಟೆ, ತಕ್ಷಣ ಹಗ್ಗದ ಮೇಲೆ ಕಾಲಿಡಬೇಕು. ಕೈಯ ಬಿದಿರುಗೋಲು ಹೊಡೆಯಲಿಕ್ಕಲ್ಲ, ತೋಳನ್ನು ಉದ್ದ ಮಾಡಿಕೊಳ್ಳಲಿಕ್ಕೆ. ನಾಯಿಯ ದಾರಿಗೆ ಅದನ್ನು ಅಡ್ಡ ಚಾಚಿದರೆ ಅದು ಇನ್ನೊಂದು ಕಡೆಗೆ ತಿರುಗುತ್ತದೆ.

ಕುರಿನಾಯಿಯ ಬುದ್ಧಿ ಇದ್ದರೆ ಅದು ತಾನಾಗಿಯೇ ನಿಮ್ಮ ಎದುರು ಬದಿಗೆ ಹೋಗಿ ನಿಲ್ಲುತ್ತದೆ, ಹಿಂಡು ನಡುವೆ ಇರುತ್ತದೆ. ಗಡಿಯಾರದ ಆರರಲ್ಲಿ ನೀವು, ಹನ್ನೆರಡರಲ್ಲಿ ನಾಯಿ. ನೀವು ಹಿಂದೆ ಹಿಂದೆ ನಡೆದರೆ ಅದು ಹಿಂಡನ್ನು ನಿಮ್ಮತ್ತ ತರುತ್ತದೆ. ಈ ಸ್ಥಿತಿ ಸ್ಥಿರವಾದ ಮೇಲೆಯೇ ದಿಕ್ಕಿನ ಮಾತುಗಳು ಬರಬೇಕು. ಇಂಗ್ಲಿಷ್ ಕುರಿಗಾಹಿಗಳು ‘ಕಮ್ ಬೈ’ ಎಂದಾಗ ನಾಯಿ ಪ್ರದಕ್ಷಿಣೆಯ ದಿಕ್ಕಿನಲ್ಲಿ, ‘ಅವೇ’ ಎಂದಾಗ ಅಪ್ರದಕ್ಷಿಣೆಯಾಗಿ ಹಿಂಡನ್ನು ಸುತ್ತುತ್ತದೆ. ದೇವಸ್ಥಾನ ಸುತ್ತಿದವರಿಗೆ ಇದು ಮರೆಯುವುದಿಲ್ಲ. ಪದ ಯಾವುದಾದರೂ ಆದೀತು, ಮನೆಮಂದಿಯೆಲ್ಲ ಅದನ್ನೇ ಬಳಸಿದರೆ ಸರಿ.

ಒಂದು ಪಾಠ ಹತ್ತು ನಿಮಿಷ ಮೀರದಿರಲಿ, ವಾರಕ್ಕೆ ಎರಡು ಸಲ ಸಾಕು. ಮೊದಲ ಸಲ ನಾಯಿ ಬೇಲಿ ಮೂಸುತ್ತಾ ಕಾಲ ಕಳೆದರೆ ಅದನ್ನು ಸೋಲೆಂದು ಬರೆದುಕೊಳ್ಳಬೇಡಿ. ಕೆಲವಕ್ಕೆ ಮೂರನೆಯ ಭೇಟಿಯಲ್ಲಿ ಕಣ್ಣು ತೆರೆಯುತ್ತದೆ. ಅದು ಚೆನ್ನಾಗಿ ನಡೆಯುತ್ತಿರುವಾಗಲೇ ‘ಸಾಕು’ ಎಂದು ಕರೆದು, ಸರಪಳಿ ಹಾಕಿದ ಮೇಲೆ ಬಾಗಿಲು ತೆರೆಯಿರಿ. ಬಾತುಗಳಿಗೆ ನೀರಿಟ್ಟು, ನಾಯಿಯ ಬೆರಳ ಸಂದು ಮತ್ತು ಕಿವಿಯೊಳಗೆ ಉಣ್ಣೆ ಹುಡುಕಿ ತೆಗೆದ ನಂತರವೇ ಮನೆಗೆ ಹೊರಡಿ.